ಕರುಳು ದಾಟಿದ್ದೆಲ್ಲ ಮಂಡಿ ಸೇರುವುದಿಲ್ಲ

ಮಂಡಿನೋವಿಗೆ ಮಾರುವ ಗ್ಲುಕೋಸಮೈನ್ ಗುಳಿಗೆಗಳ ಜಾಹೀರಾತಿನಲ್ಲಿ ‘ದೇಹ ಚೆನ್ನಾಗಿ ಹೀರಿಕೊಳ್ಳುತ್ತದೆ’ ಎಂಬ ಭರವಸೆ ಮಾಮೂಲು. ಮಾತು ಸುಳ್ಳಲ್ಲ, ಅರ್ಧಕ್ಕೇ ನಿಂತಿದೆ, ಅಷ್ಟೆ. ಸಿಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವ ಈ ಪುಟ್ಟ ಅಣು ನೀರಿನಲ್ಲಿ ಸಲೀಸಾಗಿ ಕರಗುತ್ತದೆ; ವಿಕಿರಣಶೀಲ ಗುರುತು ಹಚ್ಚಿ ನಡೆಸಿದ ಅಧ್ಯಯನಗಳಲ್ಲಿ ನುಂಗಿದ್ದರ ಸುಮಾರು ಶೇ. 90 ಭಾಗ ಕರುಳನ್ನು ದಾಟಿತ್ತು. ಆದರೆ ಕರುಳಿನಿಂದ ಹೊರಟ ರಕ್ತ ಮೊದಲು ಹೋಗುವುದು ಯಕೃತ್ತಿಗೆ. ಬಹುಪಾಲು ಅಲ್ಲೇ ಒಡೆದುಹೋಗಿ, ಮೈಯೆಲ್ಲ ಸುತ್ತುವ ರಕ್ತಕ್ಕೆ ಇದ್ದ ರೂಪದಲ್ಲೇ ಸೇರುವುದು ಸುಮಾರು ಕಾಲು ಭಾಗ. 1500 ಮಿಲಿಗ್ರಾಂ ನುಂಗಿದರೂ ಒಂದು ಲೀಟರ್ ಪ್ಲಾಸ್ಮಾದಲ್ಲಿ ಸಿಗುವುದು ಹೆಚ್ಚೆಂದರೆ ಎರಡು ಮಿಲಿಗ್ರಾಂ ಆಸುಪಾಸು. ಮಂಡಿಯೊಳಗಿನ ದ್ರವದಲ್ಲಿ ಇನ್ನೂ ಕಡಿಮೆ. ಪ್ರಯೋಗಾಲಯದಲ್ಲಿ ಕೀಲಿನ ಮೆತ್ತೆಯಾದ ಮೃದ್ವಸ್ಥಿಯ ಕೋಶಗಳ ಮೇಲೆ ಗ್ಲುಕೋಸಮೈನ್ ಪ್ರಭಾವ ಬೀರಿತೆಂದು ತೋರಿಸಿದ ಅನೇಕ ಪ್ರಯೋಗಗಳು ಬಳಸಿದ್ದು ಇದರ ಹತ್ತಾರು, ಕೆಲವೊಮ್ಮೆ ನೂರಾರು ಪಟ್ಟು. ಜೊತೆಗೆ ಕೊಡುವ ಕಾಂಡ್ರಾಯ್ಟಿನ್ ಗಾತ್ರದಲ್ಲಿ ದೈತ್ಯ. ಅದರ ಹೀರಿಕೆ ಶೇ. 10ರಿಂದ 20ರ ನಡುವೆ, ಅದೂ ಬಹುಮಟ್ಟಿಗೆ ತುಂಡುಗಳಾಗಿ.

ಹಾಗಾದರೆ ಹೀರಿಕೆಯನ್ನು ಹೆಚ್ಚಿಸಿದರೆ ಸಾಕೇ? ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ. ಅದಕ್ಕೆ ಬೇಕಾದದ್ದೆಲ್ಲ ಸುತ್ತಲಿನ ದ್ರವದಿಂದ ಮೆಲ್ಲಗೆ ಇಳಿದು ಬರಬೇಕು. ಬಂದರೂ ಅಲ್ಲಿ ಕಟ್ಟಡದ ಕೆಲಸ ನಡೆಯುತ್ತಿದೆಯೇ ಎಂಬುದು ಬೇರೆ ಪ್ರಶ್ನೆ. 1950–60ರ ದಶಕಗಳ ಅಣುಬಾಂಬ್ ಪರೀಕ್ಷೆಗಳು ವಾತಾವರಣಕ್ಕೆ ಹೆಚ್ಚುವರಿ ಕಾರ್ಬನ್-14 ಸೇರಿಸಿದ್ದವು. ಅದು ಊಟದ ಮೂಲಕ ಮನುಷ್ಯರ ಮೈಗೂ ಬಂತು. ಆ ಗುರುತನ್ನು ಹಿಡಿದು ಮಂಡಿಯ ಮೃದ್ವಸ್ಥಿಯ ವಯಸ್ಸನ್ನು ಲೆಕ್ಕಹಾಕಿದ ಸಂಶೋಧಕರು 2016ರಲ್ಲಿ ಪ್ರಕಟಿಸಿದ್ದು ಇದು: ಬೆಳವಣಿಗೆ ಮುಗಿದ ಮೇಲೆ ಅಲ್ಲಿನ ಕಾಲಜನ್ ಎಂಬ ಪ್ರೋಟೀನ್ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ, ಸವೆದ ಕೀಲಿನಲ್ಲೂ ಇಲ್ಲ. ಕಾಲಜನ್ ಪುಡಿ ಕುಡಿದವರ ರಕ್ತದಲ್ಲಿ ಅದರ ಸಣ್ಣ ಪೆಪ್ಟೈಡ್‌ಗಳು ಕಾಣಿಸುವುದು ನಿಜ. ಅವು ಹೋಗಿ ಮಂಡಿಗೆ ತೇಪೆ ಹಾಕುತ್ತವೆ ಎಂಬುದು ಅದರಿಂದ ಸಾಬೀತಾಗುವುದಿಲ್ಲ.

‘ನುಂಗಿದ ಮೇಲೆ ನೋವು ಇಳಿಯಿತಲ್ಲ’ ಎನ್ನುವವರ ಅನುಭವವನ್ನು ತಳ್ಳಿಹಾಕಬೇಕಿಲ್ಲ, ತೂಗಿನೋಡಬೇಕು. ಅಮೆರಿಕದಲ್ಲಿ 1583 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ‘ಗೇಟ್’ ಎಂಬ ಪ್ರಯೋಗದಲ್ಲಿ ಗ್ಲುಕೋಸಮೈನ್ ಪಡೆದ ಶೇ. 64 ಜನರಿಗೆ ನೋವು ಗಣನೀಯವಾಗಿ ತಗ್ಗಿತು. ಔಷಧವೇ ಇಲ್ಲದ ಹುಸಿಗುಳಿಗೆ ಪಡೆದವರಲ್ಲಿ? ಶೇ. 60. ಮಂಡಿನೋವು ತಾನಾಗಿಯೇ ಏರಿಳಿಯುವ ನೋವು. ತಾಳಲಾರದಷ್ಟು ಏರಿದಾಗಲೇ ಜನ ಗುಳಿಗೆ ಹುಡುಕುವುದರಿಂದ ಆಮೇಲಿನ ಇಳಿತದ ಯಶಸ್ಸು ಗುಳಿಗೆಯ ಪಾಲಾಗುತ್ತದೆ. ಇದೇ ಪ್ರಯೋಗದ ನೋವು ಹೆಚ್ಚಿದ್ದ ಗುಂಪಿನಲ್ಲಿ ಗ್ಲುಕೋಸಮೈನ್-ಕಾಂಡ್ರಾಯ್ಟಿನ್ ಜೋಡಿ ಹೆಚ್ಚು ಫಲ ಕೊಟ್ಟಿತ್ತೆಂದು ಸಮರ್ಥಕರು ನೆನಪಿಸುತ್ತಾರೆ. ಹೌದು. ಆದರೆ ಅದು ಚಿಕ್ಕ ಗುಂಪು. ಹತ್ತು ಪ್ರಯೋಗಗಳ 3803 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ 2010ರ ವಿಶ್ಲೇಷಣೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಮಂಡಿನೋವಿಗೇ ಮಾರುವ, ಅರಿಶಿನದ ಕರ್ಕ್ಯುಮಿನ್‌ನದು ತದ್ವಿರುದ್ಧ ಕತೆ: ಉರಿಯೂತದ ವಿರುದ್ಧ ಅದರ ಗುಣ ಪ್ರಯೋಗಾಲಯದಲ್ಲಿ ಕಾಣುತ್ತದೆ, ರಕ್ತಕ್ಕೆ ಮಾತ್ರ ಅದು ಬರುವುದೇ ಇಲ್ಲ ಎನ್ನಬಹುದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಗ್ರಾಂ ನುಂಗಿದವರ ರಕ್ತದಲ್ಲಿ ಅದು ಒಂದೋ ಪತ್ತೆಯಾಗಲಿಲ್ಲ, ಇಲ್ಲವೇ ತೀರಾ ಕಡಿಮೆಯಿತ್ತು. ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಸೇರಿಸಿದಾಗ ಲಭ್ಯತೆ ಶೇ. 2000ದಷ್ಟು ಏರಿತು. ಜಗತ್ತಿನಾದ್ಯಂತ ಡಬ್ಬಿಗಳ ಮೇಲೆ ಮೆರೆಯುವ ಸಂಖ್ಯೆ ಇದೇ. ಸೊನ್ನೆಯ ಅಂಚಿನಲ್ಲಿದ್ದದ್ದು ಎಷ್ಟು ಪಟ್ಟು ಏರಿದರೂ ಅಲ್ಪವೇ ಎಂಬುದನ್ನು ಡಬ್ಬಿ ಹೇಳುವುದಿಲ್ಲ. ಮೇಲಾಗಿ ಪೈಪರಿನ್ ಈ ಕೆಲಸ ಮಾಡುವುದು ಯಕೃತ್ತು ಮತ್ತು ಕರುಳಿನ ವಿಲೇವಾರಿ ಕಿಣ್ವಗಳನ್ನು ತಡೆದು. ಆ ತಡೆ ಕರ್ಕ್ಯುಮಿನ್‌ಗಷ್ಟೇ ಸೀಮಿತವಲ್ಲ: ಮೂರ್ಛೆರೋಗದ ಫೆನಿಟೋಯಿನ್, ರಕ್ತದೊತ್ತಡದ ಪ್ರೊಪ್ರನೊಲಾಲ್‌ಗಳ ರಕ್ತಮಟ್ಟವನ್ನೂ ಪೈಪರಿನ್ ಏರಿಸುತ್ತದೆ.