ಹೊರಗಿನವರ ಕಣ್ಣಲ್ಲಿ ಥ್ಯಾಂಕ್ಸ್‌ಗಿವಿಂಗ್ ಊಟ

ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಅಮೆರಿಕದ ಅಂಕಣಕಾರ ಆರ್ಟ್ ಬುಕ್‌ವಾಲ್ಡ್ 1950ರ ದಶಕದ ಆರಂಭದಲ್ಲಿ ಒಂದು ತಮಾಷೆಯ ಬರಹ ಬರೆದರು. ಥ್ಯಾಂಕ್ಸ್‌ಗಿವಿಂಗ್ ಎಂದರೇನೆಂದು ಫ್ರೆಂಚರಿಗೆ ತಿಳಿಸಿಕೊಡುವುದು ಅದರ ನೆಪ. ಪ್ಲಿಮತ್ ವಸಾಹತಿನ ಸೇನಾನಿ ಮೈಲ್ಸ್ ಸ್ಟ್ಯಾಂಡಿಷ್ ಹೆಸರಿನಲ್ಲಿದ್ದ ‘ಮೈಲಿ’ಯನ್ನು ಫ್ರಾನ್ಸಿನ ಅಳತೆಗೆ ತಕ್ಕಂತೆ ‘ಕಿಲೋಮೀಟರ್’ ಮಾಡಿದ್ದರು. ಉಳಿದ ಇತಿಹಾಸವನ್ನೂ ಹೀಗೇ ಗಂಭೀರ ಮುಖದಲ್ಲಿ ತಿರುಚಿದ್ದರು. ಆಮೇಲೆ ದಶಕಗಟ್ಟಲೆ ಪ್ರತಿ ನವೆಂಬರ್‌ನಲ್ಲೂ ಆ ಬರಹ ಮರುಮುದ್ರಣವಾಗುತ್ತಲೇ ಬಂತು.

ಆ ತಮಾಷೆ ಹಳಸದಿರಲು ಕಾರಣವಿದೆ. ಹೊರಗಿನಿಂದ ನೋಡಿದವರಿಗೆ ಈ ಹಬ್ಬ ಕೊಂಚ ವಿಚಿತ್ರವಾಗಿಯೇ ಕಾಣುತ್ತದೆ. ನವೆಂಬರ್‌ನ ನಾಲ್ಕನೇ ಗುರುವಾರ, ಅಂದರೆ ವಾರದ ನಡುವೆ, ದೇಶಕ್ಕೆ ದೇಶವೇ ಊರಿಗೆ ಹೊರಡುತ್ತದೆ. ವಿಮಾನ ನಿಲ್ದಾಣಗಳು ತುಂಬಿ ತುಳುಕುತ್ತವೆ. ಪೂಜಿಸಲೇಬೇಕಾದ ದೇವರಿಲ್ಲ, ಹೊಸ ಬಟ್ಟೆಯಿಲ್ಲ, ಉಡುಗೊರೆಯಿಲ್ಲ, ಪಟಾಕಿಯಿಲ್ಲ. ಊಟ ಮಾಡುವುದು, ಟಿವಿಯಲ್ಲಿ ಫುಟ್‌ಬಾಲ್ ನೋಡುವುದು, ತೂಕಡಿಸುವುದು. ಟರ್ಕಿ ಸಾಕಣೆ ಉದ್ಯಮದ ಅಂದಾಜಿನಂತೆ ಈ ಒಂದು ಹಬ್ಬಕ್ಕೆ 4 ಕೋಟಿಗೂ ಹೆಚ್ಚು ಟರ್ಕಿ ಕೋಳಿಗಳು ಒಲೆ ಸೇರುತ್ತವೆ.

ಹಬ್ಬದ ಮೂಲಕಥೆ 1621ರದ್ದು. ಹಿಂದಿನ ವರ್ಷ ಮೇಫ್ಲವರ್ ಹಡಗಿನಲ್ಲಿ ಇಂಗ್ಲೆಂಡಿನಿಂದ ಬಂದಿಳಿದಿದ್ದ ನೂರು ಚಿಲ್ಲರೆ ಜನರಲ್ಲಿ ಅರ್ಧದಷ್ಟು ಮಂದಿ ಮೊದಲ ಚಳಿಗಾಲದಲ್ಲೇ ಸತ್ತಿದ್ದರು. ಉಳಿದವರು ಇಂದಿನ ಮಸಾಚುಸೆಟ್ಸ್ ರಾಜ್ಯದ ಪ್ಲಿಮತ್‌ನಲ್ಲಿ ಮೆಕ್ಕೆಜೋಳ ಬೆಳೆದು, ಸುಗ್ಗಿ ಮುಗಿಸಿ ಮೂರು ದಿನ ಉಂಡರು. ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ಮುಖಂಡ ಮಸಸೋಯಿಟ್ ಸುಮಾರು ತೊಂಬತ್ತು ಗಂಡಸರೊಂದಿಗೆ ಬಂದ. ಅವರು ಐದು ಜಿಂಕೆ ಬೇಟೆಯಾಡಿ ತಂದರು. ಇಷ್ಟನ್ನು ಹೇಳುವುದು ಎಡ್ವರ್ಡ್ ವಿನ್‌ಸ್ಲೊ ಎಂಬಾತ ಬರೆದ ಒಂದು ಪತ್ರ. ಹಕ್ಕಿಗಳನ್ನು ಹೊಡೆದು ತಂದರೆಂದು ಅದರಲ್ಲಿದೆ, ಟರ್ಕಿಯ ಹೆಸರಿಲ್ಲ. ಆಲೂಗಡ್ಡೆಯಂತೂ ಆಗ ಆ ಕರಾವಳಿಗೆ ಬಂದೇ ಇರಲಿಲ್ಲ.

ಇದನ್ನು ರಾಷ್ಟ್ರೀಯ ಹಬ್ಬವಾಗಿಸಲು ಒಬ್ಬ ಪತ್ರಕರ್ತೆ ದಶಕಗಳ ಕಾಲ ಹಟ ಹಿಡಿಯಬೇಕಾಯಿತು. ಮಹಿಳೆಯರ ಪತ್ರಿಕೆಯೊಂದರ ಸಂಪಾದಕಿ ಸಾರಾ ಜೊಸೆಫಾ ಹೇಲ್ ರಾಜ್ಯಪಾಲರಿಗೆ, ಅಧ್ಯಕ್ಷರಿಗೆ ಪತ್ರದ ಮೇಲೆ ಪತ್ರ ಬರೆದರು. ಕೊನೆಗೆ ಅಂತರ್ಯುದ್ಧದ ನಡುವೆ, 1863ರಲ್ಲಿ, ಅಬ್ರಹಾಂ ಲಿಂಕನ್ ಘೋಷಣೆ ಹೊರಡಿಸಿದರು. 1939ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕ್ರಿಸ್‌ಮಸ್ ವ್ಯಾಪಾರಕ್ಕೆ ಹೆಚ್ಚು ದಿನ ಸಿಗಲೆಂದು ಹಬ್ಬವನ್ನು ಒಂದು ವಾರ ಹಿಂದಕ್ಕೆ ತಂದಾಗ ಹಲವು ರಾಜ್ಯಗಳು ಒಪ್ಪಲಿಲ್ಲ. ಒಂದೇ ದೇಶದಲ್ಲಿ ಎರಡು ಗುರುವಾರ ಹಬ್ಬವಾಯಿತು. 1941ರಲ್ಲಿ ಸಂಸತ್ತು ನಾಲ್ಕನೇ ಗುರುವಾರವನ್ನು ಖಾಯಂ ಮಾಡಿತು.

ಈ ಊಟವನ್ನು ಅತ್ಯಂತ ಕಟುವಾಗಿ ನೋಡುವವರು ಸಮುದ್ರದಾಚೆ ಇಲ್ಲ. ಮೊದಲ ಊಟಕ್ಕೆ ಜಿಂಕೆ ತಂದವರ ವಂಶಸ್ಥರೇ ಅವರು. ಇಂಗ್ಲಿಷರು ಬಂದಿಳಿಯುವ ಕೆಲವೇ ವರ್ಷ ಮೊದಲು ಯುರೋಪಿನ ಹಡಗುಗಳಿಂದ ಹಬ್ಬಿದ ರೋಗ ವಾಂಪನೋಗ್ ಊರುಗಳನ್ನು ಬರಿದು ಮಾಡಿತ್ತು. ವಲಸಿಗರಿಗೆ ಮೆಕ್ಕೆಜೋಳ ಬೆಳೆಯಲು ಕಲಿಸಿದ ಟಿಸ್‌ಕ್ವಾಂಟಮ್ 1614ರಲ್ಲಿ ಅಪಹರಣಕ್ಕೊಳಗಾಗಿ ಸ್ಪೇನಿಗೆ ಸಾಗಿಸಲ್ಪಟ್ಟಿದ್ದ. ಲಂಡನ್ ದಾರಿಯಾಗಿ ಹೇಗೋ ಮರಳಿ ಬಂದಾಗ ಅವನ ಊರಿನಲ್ಲಿ ಒಬ್ಬರೂ ಉಳಿದಿರಲಿಲ್ಲ. ಪ್ಲಿಮತ್ ಕಟ್ಟಿದ್ದು ಅದೇ ಊರಿನ ಜಾಗದಲ್ಲಿ. 1675ರಲ್ಲಿ ಇಂಗ್ಲಿಷರೊಂದಿಗೆ ಶುರುವಾದ ಯುದ್ಧದಲ್ಲಿ ಮಸಸೋಯಿಟ್‌ನ ಮಗ ಮೆಟಾಕಾಮ್ ಸತ್ತ. ಅವನ ತಲೆಯನ್ನು ಪ್ಲಿಮತ್‌ನಲ್ಲಿ ಕಂಬಕ್ಕೆ ಚುಚ್ಚಿ ವರ್ಷಗಟ್ಟಲೆ ಪ್ರದರ್ಶನಕ್ಕಿಟ್ಟರು. ಈ ಹಬ್ಬಕ್ಕೆ ಅಮೆರಿಕದ ಶಾಲಾ ಮಕ್ಕಳು ಆಡುವ ನಾಟಕದಲ್ಲಿ ಪರದೆ ಊಟಕ್ಕೇ ಬೀಳುತ್ತದೆ. ಮುಂದಿನ ಅಂಕ ಇರುವುದಿಲ್ಲ.

1970ರಲ್ಲಿ, ಮೇಫ್ಲವರ್ ಬಂದ 350ನೇ ವರ್ಷದ ಸಮಾರಂಭಕ್ಕೆ ವಾಂಪನೋಗ್ ಮುಖಂಡ ವಾಮ್‌ಸುಟ್ಟ ಫ್ರಾಂಕ್ ಜೇಮ್ಸ್ ಅವರನ್ನು ಭಾಷಣಕ್ಕೆ ಕರೆಯಲಾಯಿತು. ಭಾಷಣದ ಪ್ರತಿ ನೋಡಿದ ಸಂಘಟಕರಿಗೆ ಅದು ಹಿಡಿಸಲಿಲ್ಲ. ತಿದ್ದಿಕೊಟ್ಟದ್ದನ್ನು ಓದಲು ಜೇಮ್ಸ್ ಒಪ್ಪಲಿಲ್ಲ. ಆ ವರ್ಷದ ಥ್ಯಾಂಕ್ಸ್‌ಗಿವಿಂಗ್ ದಿನ ಪ್ಲಿಮತ್‌ನ ಕೋಲ್ಸ್ ಹಿಲ್ ಗುಡ್ಡದಲ್ಲಿ, ಮಸಸೋಯಿಟ್ ಪ್ರತಿಮೆಯ ಬಳಿ, ಸಂಗಡಿಗರೊಂದಿಗೆ ನಿಂತು ಅದನ್ನು ‘ರಾಷ್ಟ್ರೀಯ ಶೋಕದಿನ’ ಎಂದು ಕರೆದರು. ಅಂದಿನಿಂದ ಪ್ರತಿ ವರ್ಷ ಅಲ್ಲಿ ಜನ ಸೇರುತ್ತಾರೆ. ಹಲವರು ಅಂದು ಉಪವಾಸವಿರುತ್ತಾರೆ.

ಇನ್ನು ಹಬ್ಬದ ಹಕ್ಕಿಯ ವಿಷಯ. ಅದನ್ನು ಹೊರಗಿನ ಕಣ್ಣಿನಿಂದ ಬೆರಗುಪಟ್ಟು ನೋಡಿದವರಲ್ಲಿ ನಮ್ಮವನೇ ಒಬ್ಬ ಬಾದಶಹನಿದ್ದಾನೆ. 1612ರಲ್ಲಿ, ಅಂದರೆ ಪ್ಲಿಮತ್‌ನ ಊಟಕ್ಕೆ ಒಂಬತ್ತು ವರ್ಷ ಮೊದಲೇ, ಮುಕರ್ರಬ್ ಖಾನ್ ಎಂಬ ಅಧಿಕಾರಿ ಗೋವೆಯ ಪೋರ್ಚುಗೀಸರ ಬಳಿಯಿಂದ ಒಂದು ಟರ್ಕಿಯನ್ನು ಜಹಾಂಗೀರನಿಗೆ ತಂದೊಪ್ಪಿಸಿದ. ಮದವೇರಿದಾಗ ನವಿಲಿನಂತೆ ಗರಿ ಕೆದರುವುದನ್ನೂ ತಲೆ, ಕೊರಳು ಊಸರವಳ್ಳಿಯಂತೆ ಬಣ್ಣ ಬದಲಿಸುವುದನ್ನೂ ಬಾದಶಹ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟ. ಆಸ್ಥಾನದ ಕಲಾವಿದ ಮನ್ಸೂರ್ ಬರೆದ ಅದರ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಮೆಕ್ಸಿಕೊದಲ್ಲಿ ಪಳಗಿದ ಹಕ್ಕಿ ಸ್ಪೇನಿನವರ ಹಡಗೇರಿ ಯುರೋಪು ತಲುಪಿ, ಅಲ್ಲಿಂದ ಲೋಕ ಸುತ್ತಿತ್ತು. ಇಂಗ್ಲಿಷ್ ವಲಸಿಗರಿಗೂ ಅದು ಊರಲ್ಲೇ ಕಂಡಿದ್ದ ಪ್ರಾಣಿ.

ಆದ್ದರಿಂದಲೇ ಇಂದಿನ ಬ್ರಿಟಿಷರಿಗೆ ಟರ್ಕಿ ಅಚ್ಚರಿಯಲ್ಲ. ಅದು ಅವರ ಕ್ರಿಸ್‌ಮಸ್ ಊಟ. ನಾಲ್ಕೇ ವಾರದ ಅಂತರದಲ್ಲಿ ಅದೇ ಒಣಕಲು ಮಾಂಸವನ್ನು ಅಮೆರಿಕದವರು ಎರಡೆರಡು ಸಲ ಯಾಕೆ ತಿನ್ನುತ್ತಾರೆ ಎಂಬುದು ಅವರ ಪ್ರಶ್ನೆ. ಅವರು ನಿಜಕ್ಕೂ ಬೆಚ್ಚುವುದು ಪಕ್ಕದ ಬಟ್ಟಲು ಕಂಡು: ಬೇಯಿಸಿ ಹಿಸುಕಿದ ಸಿಹಿಗೆಣಸು, ಅದರ ಮೇಲೆ ಸುಟ್ಟು ಕಂದಾದ ಮಾರ್ಷ್‌ಮ್ಯಾಲೋ ಮಿಠಾಯಿ. ಅದನ್ನು ಮಾಂಸದ ಜೊತೆಗೇ ತಿನ್ನಬೇಕು. ಇದು ಅಜ್ಜಿಯ ಕಾಲದ್ದೆಂದು ಅಮೆರಿಕದವರು ನಂಬಿದ್ದರೂ ಅದನ್ನು ಹರಡಿದ್ದು 1917ರ ಸುಮಾರಿಗೆ ಮಾರ್ಷ್‌ಮ್ಯಾಲೋ ಕಂಪನಿಯೊಂದು ಹೊರತಂದ ಅಡುಗೆ ಕೈಪಿಡಿ. ಹುರುಳಿಕಾಯಿಗೆ ಡಬ್ಬಿಯ ಅಣಬೆ ಸೂಪು ಸುರಿದು, ಮೇಲೆ ಕರಿದ ಈರುಳ್ಳಿ ಉದುರಿಸಿ ಬೇಯಿಸುವ ಇನ್ನೊಂದು ‘ಸಾಂಪ್ರದಾಯಿಕ’ ಪದಾರ್ಥ 1955ರಲ್ಲಿ ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಪ್ರಯೋಗದ ಅಡುಗೆಮನೆಯಲ್ಲಿ ಡಾರ್ಕಸ್ ರೀಲಿ ಅವರ ತಂಡ ರೂಪಿಸಿದ್ದು.

ಸಿಹಿ ಕುಂಬಳದ ಪೈ ಯುರೋಪಿನ ಅನೇಕರಿಗೆ ಒಗಟು. ಅವರಲ್ಲಿ ಕುಂಬಳಕಾಯಿ ಸೂಪಿಗೆ ಹೋಗುವ ತರಕಾರಿ. ಕನ್ನಡ ನಾಡಿನವರಿಗೆ ಇದರಲ್ಲಿ ಒಗಟೇನೂ ಕಾಣದು. ಕುಂಬಳಕ್ಕೆ ಬೆಲ್ಲ ಬೆರೆಸಿ ಕಡುಬು ಮಾಡುವವರು, ಬಾಳೆಎಲೆಯ ಮೇಲೆ ಪಾಯಸ ಬಡಿಸಿದ ಮೇಲೆ ಕೋಸಂಬರಿಗೆ ಕೈ ಹಾಕುವವರು, ಸಿಹಿಯೂ ಖಾರವೂ ಒಟ್ಟಿಗೆ ಬಂದರೆ ಗಾಬರಿಯಾಗುವುದಿಲ್ಲ. ನಮ್ಮವರು ಕೇಳುವುದು ಬೇರೆ: ಇಷ್ಟೆಲ್ಲದರಲ್ಲಿ ಉಪ್ಪಿನಕಾಯಿ ಎಲ್ಲಿ?

ಅಮೆರಿಕದಿಂದ ಹೊರಗೆ ಹಬ್ಬ ಹೋದ ದಾರಿಗಳೂ ಕುತೂಹಲದವು. ಬಿಡುಗಡೆ ಪಡೆದ ಕಪ್ಪು ಅಮೆರಿಕನ್ನರು ಆಫ್ರಿಕಾಕ್ಕೆ ಮರಳಿ ಕಟ್ಟಿದ ಲೈಬೀರಿಯಾದಲ್ಲಿ ನವೆಂಬರ್‌ನ ಮೊದಲ ಗುರುವಾರ ಥ್ಯಾಂಕ್ಸ್‌ಗಿವಿಂಗ್; ಅಲ್ಲಿ ತಟ್ಟೆಗೆ ಕೋಳಿ, ಮರಗೆಣಸು, ಖಾರದ ಮೆಣಸು ಬಂದಿವೆ. ಆಸ್ಟ್ರೇಲಿಯಾಕ್ಕೆ ಸೇರಿದ ಪುಟ್ಟ ನಾರ್ಫೋಕ್ ದ್ವೀಪಕ್ಕೆ ಅಮೆರಿಕದ ತಿಮಿಂಗಿಲ ಬೇಟೆಗಾರರು ಈ ಹಬ್ಬ ತಲುಪಿಸಿದರು. ನವೆಂಬರ್‌ನ ಕೊನೆಯ ಬುಧವಾರ ಅಲ್ಲಿನವರು ಇಗರ್ಜಿಯನ್ನು ಮೆಕ್ಕೆಜೋಳದ ದಂಟು, ಹಣ್ಣುಗಳಿಂದ ಸಿಂಗರಿಸುತ್ತಾರೆ. ಕೆರಿಬಿಯನ್ನಿನ ಗ್ರೆನಡಾದಲ್ಲಿ ಅದೇ ಹೆಸರಿನ ರಜೆ ಅಕ್ಟೋಬರ್ 25ರಂದು; ನೆನಪಿಸುವುದು ಸುಗ್ಗಿಯನ್ನಲ್ಲ, 1983ರಲ್ಲಿ ಅಮೆರಿಕದ ಸೇನೆ ಬಂದಿಳಿದ ದಿನವನ್ನು. ಕೆನಡಾ ಅಕ್ಟೋಬರ್‌ನ ಎರಡನೇ ಸೋಮವಾರವೇ ಟರ್ಕಿ ತಿಂದು ಮುಗಿಸಿರುತ್ತದೆ. ತಮ್ಮದು 1578ರಷ್ಟು ಹಳೆಯದು ಎಂದು ಅಲ್ಲಿನವರು ನಾವಿಕ ಮಾರ್ಟಿನ್ ಫ್ರೋಬಿಷರ್‌ನ ಹೆಸರು ಎತ್ತುವುದುಂಟು.

ನೆದರ್ಲೆಂಡ್ಸ್‌ನ ಲೈಡನ್ ಪಟ್ಟಣದ ದೃಷ್ಟಿ ಇನ್ನೂ ಸ್ವಾರಸ್ಯಕರ. ಮೇಫ್ಲವರ್ ಏರಿದವರಲ್ಲಿ ಅನೇಕರು ಅದಕ್ಕೂ ಮೊದಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಲೈಡನ್‌ನಲ್ಲಿದ್ದರು. 1574ರಲ್ಲಿ ಸ್ಪೇನಿನ ಮುತ್ತಿಗೆ ತೆರವಾದ ನೆನಪಿಗೆ ಆ ಊರು ಅಕ್ಟೋಬರ್ 3ರಂದು ಹೆರಿಂಗ್ ಮೀನು, ಬಿಳಿ ಬ್ರೆಡ್, ಕ್ಯಾರೆಟ್‌–ಈರುಳ್ಳಿ ಹಿಸುಕಿದ ಪಲ್ಯ ತಿಂದು ಕೃತಜ್ಞತೆ ಸಲ್ಲಿಸುತ್ತದೆ. ವಲಸಿಗರು ಥ್ಯಾಂಕ್ಸ್‌ಗಿವಿಂಗ್ ಕಲ್ಪನೆಯನ್ನು ಇಲ್ಲಿಂದಲೇ ಹೊತ್ತೊಯ್ದರೆಂದು ಊರಿನವರ ವಾದ. ಅಮೆರಿಕದ ಹಬ್ಬದ ಬೆಳಿಗ್ಗೆ ಅಲ್ಲಿನ ಪೀಟರ್ಸ್‌ಕೆರ್ಕ್ ಚರ್ಚಿನಲ್ಲಿ ಈಗಲೂ ಪ್ರಾರ್ಥನೆ ನಡೆಯುತ್ತದೆ.

ಏಷ್ಯಾದವರು ತಮ್ಮಲ್ಲಿರುವುದರ ಪಕ್ಕ ಇಟ್ಟು ಇದನ್ನು ಅಳೆಯುತ್ತಾರೆ. ಜಪಾನಿನಲ್ಲಿ ನವೆಂಬರ್ 23 ‘ದುಡಿಮೆಗೆ ಕೃತಜ್ಞತೆ’ಯ ರಜೆ. ಹೊಸ ಅಕ್ಕಿಯನ್ನು ದೇವರಿಗೆ ಒಪ್ಪಿಸುವ ಪ್ರಾಚೀನ ಆಚರಣೆಯ ದಿನಕ್ಕೆ 1948ರಲ್ಲಿ ಕೊಟ್ಟ ಹೊಸ ಹೆಸರು ಅದು. ಊಟದ ಗದ್ದಲವೇ ಇಲ್ಲ. ಕೊರಿಯಾದವರ ಚುಸೊಕ್ ಹಬ್ಬವನ್ನು ಅಮೆರಿಕದಲ್ಲಿ ‘ಕೊರಿಯನ್ ಥ್ಯಾಂಕ್ಸ್‌ಗಿವಿಂಗ್’ ಎಂದೇ ಪರಿಚಯಿಸುತ್ತಾರೆ. ಊರಿಗೆ ಹೋಗುವ ನೂಕುನುಗ್ಗಲು, ಮನೆ ತುಂಬ ನೆಂಟರು, ಹೊಸ ಅಕ್ಕಿಯ ಅರ್ಧಚಂದ್ರಾಕಾರದ ಕಡುಬು, ಎಲ್ಲ ಸರಿ. ಆದರೆ ಅಲ್ಲಿ ಮೊದಲು ಎಡೆ ಇಡುವುದು ತೀರಿಹೋದ ಹಿರಿಯರಿಗೆ. ಅಮೆರಿಕದ ಮೇಜಿನಲ್ಲಿ ಸತ್ತವರಿಗೆ ತಟ್ಟೆಯಿಲ್ಲ.

ವಲಸೆ ಬಂದವರಿಗೆ ಇದು ಅಮೆರಿಕದ ಹಬ್ಬಗಳಲ್ಲೇ ಸಲೀಸಾದದ್ದು. ಕ್ರಿಸ್‌ಮಸ್‌ನಲ್ಲಿ ಧರ್ಮ ಅಡ್ಡ ಬರುತ್ತದೆ. ಇಲ್ಲಿ ಹಸಿವಿದ್ದರೆ ಸಾಕು. ಹಾಗೆಂದು ಎಲ್ಲರೂ ಕೂಡಲೇ ಒಗ್ಗಿಹೋದರೆಂದಲ್ಲ. ಬ್ಯಾರಿ ಲೆವಿನ್ಸನ್ ನಿರ್ದೇಶಿಸಿದ 1990ರ ‘ಅವಲಾನ್’ ಚಿತ್ರದಲ್ಲಿ ಬಾಲ್ಟಿಮೋರ್‌ನ ಯಹೂದಿ ವಲಸಿಗ ಕುಟುಂಬ ಒಡೆಯುವುದೇ ತಡವಾಗಿ ಬಂದ ಅಣ್ಣನಿಗೆ ಕಾಯದೆ ಟರ್ಕಿ ಕೊಯ್ದರೆಂಬ ಕಾರಣಕ್ಕೆ. ಕೀನ್ಯಾದಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ಬೆಳೆದ ಪಂಜಾಬಿ ಗುರಿಂದರ್ ಚಡ್ಡಾ, ಅಂದರೆ ಮೂರು ಕಡೆಯಿಂದಲೂ ಹೊರಗಿನವರು, 2000ದಲ್ಲಿ ‘ವಾಟ್ಸ್ ಕುಕಿಂಗ್?’ ಮಾಡಿದರು. ಲಾಸ್ ಏಂಜಲೀಸ್‌ನ ವಿಯೆಟ್ನಾಮೀ, ಲ್ಯಾಟಿನೊ, ಯಹೂದಿ, ಕಪ್ಪು ಕುಟುಂಬಗಳ ನಾಲ್ಕು ಅಡುಗೆಮನೆಗಳಲ್ಲಿ ಅದೇ ಹಕ್ಕಿ, ಸುತ್ತಲಿನ ಪಾತ್ರೆಗಳು ಮಾತ್ರ ಬೇರೆ ಬೇರೆ. ಯಾರ ಮನೆ ಎಂದು ಗುರುತಿಸಬೇಕಾದರೆ ಆ ಪಾತ್ರೆಗಳ ಮುಚ್ಚಳ ತೆಗೆದರೆ ಸಾಕು.

ಓದಲು ಹೋದ ಭಾರತೀಯ ಹುಡುಗ ಹುಡುಗಿಯರಿಗೆ ಈ ಹಬ್ಬ ಮೊದಲು ಎದುರಾಗುವುದು ಖಾಲಿ ಕ್ಯಾಂಪಸ್ಸಾಗಿ. ಸಹಪಾಠಿಗಳು ಊರಿಗೆ ಹೊರಟು, ಮೆಸ್ಸು ಬಾಗಿಲು ಹಾಕಿರುತ್ತದೆ. ಹಲವು ವಿಶ್ವವಿದ್ಯಾಲಯಗಳು ಇಂಥವರನ್ನು ಸ್ಥಳೀಯ ಕುಟುಂಬಗಳ ಊಟಕ್ಕೆ ಕಳಿಸುವ ಏರ್ಪಾಡು ಮಾಡುತ್ತವೆ. ಅಲ್ಲಿ ಸಸ್ಯಾಹಾರಿಗಳ ಪಾಡು ಬೇರೆಯೇ. ಬ್ರೆಡ್ಡಿನ ಸ್ಟಫಿಂಗ್ ನೋಡಲು ಸಸ್ಯಾಹಾರದಂತಿದ್ದರೂ ಬೆಂದಿರುವುದು ಟರ್ಕಿಯ ಹೊಟ್ಟೆಯೊಳಗೆ. ಗ್ರೇವಿ ಅದರದ್ದೇ ರಸ. ಹುರುಳಿಕಾಯಿಯಲ್ಲೂ ಹಂದಿಮಾಂಸದ ಚೂರು ಇಣುಕಬಹುದು. ಕೊನೆಗೆ ಉಳಿಯುವುದು ಕ್ರ್ಯಾನ್‌ಬೆರಿ ಗೊಜ್ಜು, ಆಲೂಗಡ್ಡೆ ಮತ್ತು ಆತಿಥೇಯರ ಮುಖದ ಪೇಚಾಟ. ಸೋಯಾದಿಂದ ಮಾಡಿದ ‘ಟೋಫರ್ಕಿ’ 1995ರಿಂದ ಅಂಗಡಿಗಳಲ್ಲಿದ್ದರೂ ಅದು ನಮ್ಮವರ ನಾಲಿಗೆ ಗೆದ್ದಂತಿಲ್ಲ. ಸಂಸಾರಸ್ಥರಾದ ಕನ್ನಡಿಗರು ಸುಲಭದ ದಾರಿ ಹಿಡಿಯುತ್ತಾರೆ. ದೀಪಾವಳಿಗೆ ಸಿಗದ ರಜೆ ಈಗ ಸಾಲಾಗಿ ನಾಲ್ಕು ದಿನ ಸಿಗುತ್ತದೆ. ನೆಂಟರು ರಾಜ್ಯ ದಾಟಿ ಬರುತ್ತಾರೆ, ಬಿಸಿಬೇಳೆಬಾತು ಕುದಿಯುತ್ತದೆ. ಅಮೆರಿಕದಲ್ಲೇ ಹುಟ್ಟಿದ ಮಕ್ಕಳು ಶಾಲೆಯಲ್ಲಿ ಕೇಳಿಬಂದ ಟರ್ಕಿಗಾಗಿ ಹಟ ಹಿಡಿದರೆ ಮಾತ್ರ ಒವನ್ನಿಗೆ ಕೆಲಸ.

ಬೆಂಗಳೂರಿಗೆ ಈ ಹಬ್ಬ ಊಟವಿಲ್ಲದೆ ಬಂದಿದೆ. ಆ ವಾರ ಅಮೆರಿಕದ ಗ್ರಾಹಕರಿಗಾಗಿ ದುಡಿಯುವ ಅನೇಕ ಸಾಫ್ಟ್‌ವೇರ್ ತಂಡಗಳಿಗೆ ಗುರುವಾರ ರಾತ್ರಿಯ ಮೀಟಿಂಗುಗಳು ರದ್ದಾಗುತ್ತವೆ. ಆನ್‌ಲೈನ್ ಅಂಗಡಿಗಳ ತಂತ್ರಾಂಶ ನೋಡಿಕೊಳ್ಳುವವರದ್ದು ತದ್ವಿರುದ್ಧ. ಮಾರನೆಯ ದಿನ ಬ್ಲ್ಯಾಕ್ ಫ್ರೈಡೇ, ಅಮೆರಿಕದಲ್ಲಿ ವರ್ಷದ ದೊಡ್ಡ ರಿಯಾಯಿತಿ ಮಾರಾಟ. ಸರ್ವರ್ ಕುಸಿಯದಂತೆ ಕಾಯಬೇಕಾದ ಅವರು ಹೊಸ ಕೋಡ್ ಹಾಕುವುದನ್ನು ಮೊದಲೇ ನಿಲ್ಲಿಸಿ, ರಜೆ ಕೇಳುವ ಯೋಚನೆ ಬಿಟ್ಟು, ರಾತ್ರಿ ಪಾಳಿಗೆ ಕ್ಯಾಂಟೀನಿನಿಂದ ಊಟ ತರಿಸಿಕೊಳ್ಳುತ್ತಾರೆ.