ಭಾರ ಹೊರುವ ಅಚ್ಚು, ಬಲ ಒಯ್ಯುವ ಅಚ್ಚು

ಕೂಡ್ಲಿಗಿಯಿಂದ ಹೊರಟು ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳನ್ನು ಹಾದು, ಒಂದು ಕಡೆ ಹೂವಿನಹಡಗಲಿಗೂ ಇನ್ನೊಂದು ಕಡೆ ಹರಪನಹಳ್ಳಿಗೂ ಹೋಗುವ ಪಯಣಿಗನು ಒಂದೇ ದಿನದೊಳಗೆ ಬಗೆಬಗೆಯ ನೆಲಗಳನ್ನು ಕಾಣುತ್ತಾನೆ. ಗುಡೇಕೋಟೆಯ ಸುತ್ತ ಹೆಬ್ಬಂಡೆಗಳ ನಡುವಣ ಕೆಮ್ಮಣ್ಣು. ಚಿಕ್ಕಹಗರಿಯ ಪಾತ್ರದಲ್ಲಿ ಬೇಸಗೆಯ ಒಣ ಮರಳು. ತುಂಗಭದ್ರೆಯ ಕಡೆಗೆ ಇಳಿದಂತೆ, ಒಂದು ಹದ ಮಳೆ ಬಿದ್ದರೆ ಗಾಲಿಯನ್ನು ಹಿಡಿದು ಬಿಡದ ಎರೆಮಣ್ಣು. 1947ರಲ್ಲಿ ಮಹೀಂದ್ರ ಸಂಸ್ಥೆಯವರು ಅಮೆರಿಕದ ವಿಲ್ಲಿಸ್ ಜೀಪನ್ನು ಮುಂಬಯಿಯಲ್ಲಿ ಜೋಡಿಸತೊಡಗಿದ ಮೇಲೆ ನಮ್ಮ ದೇಶಕ್ಕೆ ಪರಿಚಿತವಾದ, ನಾಲ್ಕು ಗಾಲಿಗಳಿಗೂ ಎಂಜಿನಿನ ಬಲವನ್ನು ಹಂಚಬಲ್ಲ ವಾಹನವು ಇಂಥ ಸೀಮೆಗೆ ಹೇಳಿ ಮಾಡಿಸಿದುದು. ಆದರೆ ದುರ್ಗಮವಾದ ಎಡೆಗೆ ಹೋಗಬಲ್ಲ ವಾಹನದ ಅಚ್ಚು ಮುರಿಯುವುದೂ ದುರ್ಗಮವಾದ ಎಡೆಯಲ್ಲಿಯೇ. ಆಗ ವಾಹನವನ್ನು ಮನೆಗೆ ತರುವ ಬಗೆಯನ್ನು ಚಾಲಕನು ಮೊದಲೇ ಅರಿತಿರಬೇಕು.

ಅಚ್ಚು ಮುರಿಯುವುದೆಂದರೆ ಏನೆಂಬುದನ್ನು ಕೊಟ್ಟೂರಿನ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. 2017ರ ಫೆಬ್ರವರಿಯಲ್ಲಿ, ಶ್ರೀ ಗುರುಬಸವೇಶ್ವರ ಸ್ವಾಮಿಯ ರಥೋತ್ಸವದಂದು, ಸಹಸ್ರಾರು ಭಕ್ತರು ನೆರೆದಿದ್ದಂತೆಯೇ ಮಹಾರಥವು ಗಾಲಿಯ ಅಚ್ಚು ಮುರಿದು ನೆಲಕ್ಕುರುಳಿತು, ಹಲವರು ಗಾಯಗೊಂಡರು, ಮುಂದೆ ನೂತನ ರಥವನ್ನೇ ನಿರ್ಮಿಸಬೇಕಾಯಿತು. ತೇರಿನ ಅಚ್ಚಿಗೆ ಇರುವುದು ಒಂದೇ ಕಾರ್ಯ: ಮೇಲಿನ ಸಮಸ್ತ ಭಾರವನ್ನೂ ಹೊತ್ತು ಗಾಲಿಗಳಿಗೆ ಒಪ್ಪಿಸುವುದು. ಎಳೆಯುವ ಬಲವಾದರೋ ಹೊರಗಿನಿಂದ, ಭಕ್ತರ ತೋಳುಗಳಿಂದ ಬರತಕ್ಕದ್ದು. ಆದುದರಿಂದ ಅಚ್ಚು ಮುರಿದಾಗ ತೇರು ಬೀಳದೆ ವಿಧಿಯಿಲ್ಲ.

ಜೀಪಿನ ಮುಂಭಾಗದ ರಚನೆ ಇದಕ್ಕೆ ವಿರುದ್ಧವಾದುದು. ಅಲ್ಲಿ ಭಾರವನ್ನು ಹೊರುವುದು ಹೊರಗಿನ ಉಕ್ಕಿನ ಹೌಸಿಂಗ್ ಮತ್ತು ಅದರ ತುದಿಗಳಲ್ಲಿರುವ ಸ್ಪಿಂಡಲ್‌ಗಳು. ಗಾಲಿಯ ಹಬ್, ಬೇರಿಂಗ್‌ಗಳ ಮೇಲೆ, ಸ್ಪಿಂಡಲ್ಲಿನ ಸುತ್ತ ತಿರುಗುತ್ತದೆ. ಹೌಸಿಂಗಿನೊಳಗೆ ಹುದುಗಿರುವ ಆಕ್ಸಲ್ ಶಾಫ್ಟುಗಳಿಗೆ ಭಾರದ ಹೊಣೆಯಿಲ್ಲ. ಡಿಫರೆನ್ಷಿಯಲ್ಲಿನಿಂದ ಬಲವನ್ನು ಒಯ್ದು ಗಾಲಿಗೆ ಮುಟ್ಟಿಸುವುದಷ್ಟೇ ಅವುಗಳ ಧರ್ಮ. ಎರಡೂ ಶಾಫ್ಟುಗಳು ಮುರಿದರೂ ಗಾಲಿ ಕಳಚುವುದಿಲ್ಲ, ಬ್ರೇಕು ಹಿಡಿಯುತ್ತದೆ, ಹಿಂದಿನ ಗಾಲಿಗಳು ವಾಹನವನ್ನು ನೂಕಬಲ್ಲವು.

ಅವು ಮುರಿಯುವುದು ಬಹುಮಟ್ಟಿಗೆ ಆತುರದಿಂದ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ, ಲೋ ಗೇರಿನಲ್ಲಿ ಎಂಜಿನನ್ನು ಅಬ್ಬರಿಸಿ, ಕೆಸರಿನಲ್ಲಿ ಸುಮ್ಮನೆ ಸುತ್ತುತ್ತಿದ್ದ ಗಾಲಿಯು ಹಠಾತ್ತನೆ ಕಲ್ಲನ್ನು ಕಚ್ಚಿಕೊಂಡಾಗ, ಆ ಆಘಾತವೆಲ್ಲವೂ ಶಾಫ್ಟಿನ ಮೇಲೂ, ಬಾಗಿ ನಿಂತ ಅದರ ಜಾಯಿಂಟಿನ ಮೇಲೂ ಎರಗುತ್ತದೆ. ಡಾಂಬರು ರಸ್ತೆಯಲ್ಲಿ ಫೋರ್‌ವೀಲ್ ಹಾಕಿಕೊಂಡೇ ಓಡಿಸುವುದೂ ಕೇಡು. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗಬೇಕಾದುದರಿಂದ, ಜಾರಲು ಎಡೆಯಿಲ್ಲದ ಗಟ್ಟಿ ನೆಲದ ಮೇಲೆ ಆ ವ್ಯತ್ಯಾಸವು ಶಾಫ್ಟುಗಳನ್ನು ತಿರುಚುತ್ತದೆ.

ಮುಂದಿನ ಶಾಫ್ಟು ಮುರಿದುದು ತಿಳಿದೊಡನೆ ವಾಹನವನ್ನು ಸಮನೆಲದಲ್ಲಿ ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಲಿವರನ್ನು ಟೂವೀಲಿಗೆ ತರಬೇಕು. ಅನಂತರ ಮುಂದಿನ ಗಾಲಿಗಳನ್ನು ಜಾಕಿನಿಂದ ಒಂದೊಂದಾಗಿ ಎತ್ತಿ ಕೈಯಿಂದ ತಿರುಗಿಸಿ, ಸ್ಟೀರಿಂಗನ್ನು ಎರಡೂ ಕಡೆಗೆ ಕೊನೆಯವರೆಗೆ ಹೊರಳಿಸಿ ಕಿವಿಗೊಡಬೇಕು. ಎಲ್ಲಿಯಾದರೂ ಕಚ್ಚಿದರೆ, ಜಾಯಿಂಟಿನ ಚೂರುಗಳು ಒಳಗೆ ಸಿಕ್ಕಿಕೊಂಡಿವೆಯೆಂದು ತಿಳಿದು, ಅವನ್ನು ತೆಗೆಯುವವರೆಗೆ ಒಂದಡಿಯೂ ಮುಂದೆ ಸಾಗಬಾರದು, ಏಕೆಂದರೆ ಓಟದಲ್ಲಿ ಸ್ಟೀರಿಂಗು ಬಿಗಿದರೆ ಪ್ರಾಣಕ್ಕೇ ಸಂಚಕಾರ. ನಿರಾತಂಕವಾಗಿ ತಿರುಗಿದರೆ, ಹಬ್ಬಿನ ಲಾಕುಗಳನ್ನು ಬಿಡಿಸಿ, ಇಲ್ಲವೆ ಹಬ್ಬಿನ ಫ್ಲಾಂಜುಗಳನ್ನು ಬಿಚ್ಚಿ, ತೆರೆದ ಬಾಯಿಗೆ ಧೂಳು ಹೊಗದಂತೆ ಬಟ್ಟೆ ಬಿಗಿಯಬೇಕು. ಡಿಫರೆನ್ಷಿಯಲ್ಲಿನಲ್ಲಿಯೇ ಸದ್ದು ಕೇಳಿದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನೂ ಕಳಚುವುದು ಲೇಸು. ಸದಾ ನಾಲ್ಕು ಗಾಲಿಗಳಲ್ಲಿಯೂ ಚಲಿಸುವ ವಾಹನಗಳಲ್ಲಿ ನಡುವಣ ಡಿಫರೆನ್ಷಿಯಲ್ಲನ್ನು ಲಾಕು ಮಾಡಬೇಕು. ಮಾಡದಿದ್ದರೆ ಬಲವೆಲ್ಲವೂ ಮುರಿದ ಕಡೆಗೇ ಸೋರಿಹೋಗಿ ವಾಹನವು ನಿಂತಲ್ಲಿಯೇ ನಿಲ್ಲುತ್ತದೆ.

ಅಲ್ಲಿಂದ ಮುಂದೆ ಸಂಯಮವೇ ಸಾರಥಿ. ನಾಲ್ಕು ಗಾಲಿಗಳು ಹಂಚಿಕೊಳ್ಳುತ್ತಿದ್ದ ಕೆಲಸವು ಎರಡರ ಪಾಲಿಗೆ ಬಂದಿರುವುದರಿಂದ, ಎರೆಹೊಲದ ಅಡ್ಡದಾರಿಯನ್ನು ತೊರೆದು ಬಳಸುದಾರಿಯಾದರೂ ಗಟ್ಟಿ ನೆಲವನ್ನೇ ಹಿಡಿಯಬೇಕು. ಲೋ ಗೇರಿನ ಇಮ್ಮಡಿಸಿದ ಬಲವನ್ನು ಹಿಂದಿನ ಶಾಫ್ಟುಗಳ ಮೇಲೆ ಹೇರಬಾರದು. ಹಲವು ಜೀಪುಗಳಲ್ಲಿ ಹಿಂದಿನ ಶಾಫ್ಟು ಬಲವನ್ನು ಒಯ್ಯುವುದಲ್ಲದೆ ಭಾರವನ್ನೂ ಹೊರುತ್ತದೆ; ಅದು ಮುರಿದರೆ ಗಾಲಿಯೇ ಹೊರಗೆ ಬರುವುದುಂಟು.

ಈ ವಿವೇಚನೆಯನ್ನು ಚಾಲಕರೆಲ್ಲರೂ ಕಲಿಯಬೇಕೆಂಬುದು ನನ್ನ ಹಂಬಲ. ಬಲವನ್ನು ಒಯ್ಯುವ ಅಂಗವು ಕೆಟ್ಟರೆ ಉಳಿದವುಗಳ ನೆರವಿನಿಂದ ಊರು ಸೇರಬಹುದು. ಭಾರವನ್ನು ಹೊರುವ ಅಂಗವು ಕೆಟ್ಟರೆ ಅಂಥ ಅವಕಾಶವೇ ಇರದು. ಆದಕಾರಣ ಮೊದಲನೆಯದಕ್ಕೆ ದಾರಿಯಲ್ಲಿ ಉಪಾಯ ಹುಡುಕಬಹುದಾದರೂ, ಎರಡನೆಯದನ್ನು ಹೊರಡುವ ಮುನ್ನವೇ ಬಿಚ್ಚಿ, ಒರಸಿ, ಬಿರುಕಿಲ್ಲವೆಂದು ಕಣ್ಣಾರೆ ಕಂಡ ಮೇಲಲ್ಲದೆ ಯಾವ ಗಾಲಿಯೂ ಉರುಳಬಾರದು.