ಅಚ್ಚುಕಟ್ಟಾದ ಆರತಕ್ಷತೆ

ಆರತಿ ಮತ್ತು ಅಕ್ಷತೆ ಎಂಬ ಎರಡು ಮಾತುಗಳು ಕೂಡಿ ‘ಆರತಕ್ಷತೆ’ ಆಗಿದೆ. ಅಕ್ಷತೆಯೆಂದರೆ ಮುರಿಯದ ಅಕ್ಕಿ. ಅರಿಸಿನ ಬೆರೆತು ಹಿರಿಯರ ಕೈಯಿಂದ ವಧೂವರರ ತಲೆಯ ಮೇಲೆ ಬೀಳುವ ಹರಕೆ. ಆರತಿಯಾದರೋ ಮನೆಯ ಹೆಂಗಳೆಯರು ಬೆಳಗುವ ದೀಪ. ‘ರಿಸೆಪ್ಷನ್’ ಎಂಬ ಇಂಗ್ಲಿಷ್ ಮಾತು ಬಂದವರನ್ನು ಬರಮಾಡಿಕೊಳ್ಳುವುದನ್ನಷ್ಟೇ ಸೂಚಿಸಿದರೆ, ಕನ್ನಡದ ಮಾತು ಬಂದವರು ಹರಸಿಹೋಗುವುದನ್ನೂ ನೆನಪಿಸುತ್ತದೆ.

ಆದರೆ ಇಂದಿನ ಕಲ್ಯಾಣ ಮಂಟಪಗಳಲ್ಲಿ ಕಾಣುವ ನೋಟವೇ ಬೇರೆ. ವೇದಿಕೆಯ ಮೆಟ್ಟಿಲಿನಿಂದ ಹೊರಬಾಗಿಲಿನವರೆಗೆ ಸಾಲು. ಮೇಲೇರಿದವರು ಲಕೋಟೆಯನ್ನು ಕೈಗಿತ್ತು, ಛಾಯಾಗ್ರಾಹಕನ ಆಣತಿಯಂತೆ ಎದುರಿಗೆ ನೋಡಿ, ಒಂದು ಚಿತ್ರಕ್ಕೆ ಮುಖವೊಡ್ಡಿ ಇನ್ನೊಂದು ಬದಿಯಿಂದ ಇಳಿದುಬಿಡುತ್ತಾರೆ. ಮದುವೆಯ ಮಕ್ಕಳಿಗೆ ಬಂದವರು ಯಾರೆಂದು ತಿಳಿಯದು. ಬಂದವರಿಗೆ ತಾವು ಬಂದದ್ದು ಗೊತ್ತಾಯಿತೋ ಇಲ್ಲವೋ ಎಂಬ ಶಂಕೆ ತಪ್ಪದು.

ಇದಕ್ಕೆ ಯಾರ ಮೇಲೂ ತಪ್ಪು ಹೊರಿಸಬೇಕಾಗಿಲ್ಲ. ಸುಲಭವಾದ ಲೆಕ್ಕವೊಂದೇ ಸಾಕು. ಸಂಜೆ 7ರಿಂದ 10ರವರೆಗೆ 180 ನಿಮಿಷಗಳು. ಅತಿಥಿಗಳು 900 ಮಂದಿ ಎಂದಿಟ್ಟುಕೊಂಡು, ಮೂವರಿಗೊಂದು ತಂಡದಂತೆ ಎಣಿಸಿದರೆ 300 ತಂಡಗಳು. ತಂಡವೊಂದಕ್ಕೆ ದೊರಕುವುದು ಕೇವಲ 36 ಸೆಕೆಂಡು! ಅತಿಥಿಗಳ ಸಂಖ್ಯೆ 360ಕ್ಕಿಳಿದರೆ ಅದೇ ವೇಳೆಯಲ್ಲಿ ಒಂದೂವರೆ ನಿಮಿಷ ಸಿಕ್ಕುತ್ತದೆ. ಹೆಸರು ಕೇಳಿ, ಕಾಲಿಗೆರಗಿ, ಎರಡು ಮಾತನಾಡಲು ಅಷ್ಟು ಸಾಕು. ಹೂವಿನ ಚಪ್ಪರ, ಬೆಳಕು, ಸಂಗೀತ ಇವೆಲ್ಲ ಆಮೇಲಿನ ಮಾತು. ಸಮಾರಂಭದ ಅಂದವನ್ನು ಮೊದಲು ನಿರ್ಧರಿಸುವುದು ಅತಿಥಿಗಳ ಪಟ್ಟಿ.

ವೈಟ್‌ಫೀಲ್ಡಿನ ವಿಶೇಷ

ಈ ವಿಚಾರ ಬೆಂಗಳೂರಿನ ಪೂರ್ವಕ್ಕಿರುವ ವೈಟ್‌ಫೀಲ್ಡಿನ ಕುಟುಂಬಗಳಿಗೆ ಇನ್ನಷ್ಟು ಅನ್ವಯಿಸುತ್ತದೆ. 1882ರಲ್ಲಿ, ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, ಆಂಗ್ಲೋ-ಇಂಡಿಯನ್ ಸಮುದಾಯದ ನೆಲೆಯಾಗಿ ಹುಟ್ಟಿದ ಊರು ಇದು. ಆ ಸಮುದಾಯದ ಮುಂದಾಳು ವೈಟ್ ಎಂಬವರ ಹೆಸರೇ ಊರಿಗೂ ನಿಂತಿತು. 1990ರ ದಶಕದಲ್ಲಿ ಅಂತರರಾಷ್ಟ್ರೀಯ ತಂತ್ರಜ್ಞಾನ ಉದ್ಯಾನ ತಲೆಯೆತ್ತಿದ ಮೇಲೆ ಊರಿನ ಚಹರೆಯೇ ಬದಲಾಯಿತು. ಇಂದು ಇಲ್ಲಿ ದುಡಿಯುವ ಯುವಕ ಯುವತಿಯರ ತಾಯ್ನುಡಿಗಳು ಹಲವು. ಹುಡುಗನ ಮನೆ ಹಾಸನದಲ್ಲಿ, ಹುಡುಗಿಯ ಮನೆ ನಾಗಪುರದಲ್ಲಿ, ಇಬ್ಬರ ಗೆಳೆಯರೂ ಕಚೇರಿಯ ಒಂದೇ ಮಹಡಿಯಲ್ಲಿ ಎಂಬಂಥ ಮದುವೆಗಳು ಇಲ್ಲಿ ಅಪರೂಪವಲ್ಲ.

ಇಂಥ ಮದುವೆಯಲ್ಲಿ ಎರಡು ಮನೆಗಳ ರೂಢಿಗಳು ಒಂದೇ ಸಂಜೆಯಲ್ಲಿ ಸಂಧಿಸುತ್ತವೆ. ಯಾವ ಶಾಸ್ತ್ರ ಎಂದು, ಯಾರ ಅಡಿಗೆ ಯಾವ ಹೊತ್ತಿಗೆ ಎಂಬುದನ್ನು ವಧೂವರರೇ ಮೊದಲು ಕುಳಿತು ಬರೆದುಕೊಂಡು, ಅನಂತರ ಹಿರಿಯರ ಮುಂದಿಡುವುದು ಜಾಣತನ. ಆಮಂತ್ರಣ ಪತ್ರಿಕೆ ಎರಡೂ ಮನೆಗಳ ನುಡಿಗಳಲ್ಲಿ ಇರಲಿ. ಊರಿಂದ ಬರುವ ಅಜ್ಜಿ ತನ್ನ ಮೊಮ್ಮಗನ ಹೆಸರನ್ನು ತನ್ನ ಲಿಪಿಯಲ್ಲಿ ಓದಿಕೊಳ್ಳುವುದು ಸಣ್ಣ ಸಂತೋಷವಲ್ಲ.

ಮಂಟಪವನ್ನು ಗೊತ್ತುಮಾಡುವಾಗ ದಾರಿಯ ಯೋಚನೆಯೂ ಇರಬೇಕು. ಕೆಲಸದ ದಿನದ ಸಂಜೆ ಜಯನಗರದಿಂದಲೋ ರಾಜಾಜಿನಗರದಿಂದಲೋ ವೈಟ್‌ಫೀಲ್ಡಿಗೆ ಕಾರಿನಲ್ಲಿ ಹೊರಟವರ ಪಾಡು ಹೇಳತೀರದು. 2023ರ ಮಾರ್ಚ್ 25ರಂದು ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿಗೆ ಮೆಟ್ರೋ ರೈಲು ಆರಂಭವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ಪೂರ್ಣಗೊಂಡು ನಗರದ ಪಶ್ಚಿಮದ ತುದಿಯವರೆಗೂ ಸಂಪರ್ಕ ಒದಗಿತು. ನಿಲ್ದಾಣಕ್ಕೆ ಸಮೀಪದ ಮಂಟಪವನ್ನು ಹಿಡಿದು, ಪತ್ರಿಕೆಯಲ್ಲಿ ನಿಲ್ದಾಣದ ಹೆಸರನ್ನು ಅಚ್ಚುಹಾಕಿಸಿ, ಅಲ್ಲಿಂದ ವೃದ್ಧರನ್ನು ಕರೆತರಲು ಒಂದು ವಾಹನವನ್ನಿಟ್ಟರೆ, ಅತಿಥಿಗಳು ಉಣ್ಣುವ ಮೊದಲೇ ತೃಪ್ತರಾಗಿರುತ್ತಾರೆ.

ಖರ್ಚಿನ ಮಾತು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ತಂದೆಯ ಭವಿಷ್ಯನಿಧಿಯ ಹಣವೋ ಮಕ್ಕಳು ಬ್ಯಾಂಕಿನಿಂದ ಪಡೆದ ಸಾಲವೋ ಒಂದೇ ಸಂಜೆಯಲ್ಲಿ ಕರಗಿಹೋಗುವುದುಂಟು. ಹೊಸ ಸಂಸಾರ ಸಾಲದ ಕಂತಿನೊಡನೆ ಆರಂಭವಾದರೆ, ಆ ಸಂಜೆಯ ಬೆಳಕು ಎಷ್ಟು ದಿನ ನೆನಪಿನಲ್ಲಿ ಉಳಿದೀತು? ಆದ್ದರಿಂದ ಹಣದ ಮಿತಿ ಮೊದಲು, ಪಟ್ಟಿ ಎರಡನೆಯದು, ಮಂಟಪ ಮೂರನೆಯದು ಎಂಬ ಕ್ರಮ ತಪ್ಪಬಾರದು. ಮಂಟಪವನ್ನು ಮೊದಲು ಹಿಡಿದವರು ಅದನ್ನು ತುಂಬುವುದಕ್ಕಾಗಿಯೇ ಜನರನ್ನು ಕರೆಯತೊಡಗುತ್ತಾರೆ.

ಹಾಗೆ ಕರೆದವರೆಲ್ಲ ಬರುವುದಿಲ್ಲ. ಬಂದವರೆಲ್ಲ ಬಡಿಸಿದ್ದನ್ನು ಉಣ್ಣುವುದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಜ್ಞರು ನಗರದ 75 ಕಲ್ಯಾಣ ಮಂಟಪಗಳನ್ನು ಪರಿಶೀಲಿಸಿದ್ದರು. ನಗರದ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಹಾಳಾಗುತ್ತಿದೆಯೆಂದು ಅವರ ಅಂದಾಜು 2012ರಲ್ಲಿ ಪ್ರಕಟವಾಯಿತು. ಬರುವವರ ಸಂಖ್ಯೆಯನ್ನು ಒಂದು ವಾರ ಮೊದಲೇ ದೂರವಾಣಿಯಲ್ಲಿ ವಿಚಾರಿಸಿ ಅಡಿಗೆಯವರಿಗೆ ತಿಳಿಸುವುದು ಜಿಪುಣತನವಲ್ಲ, ಅನ್ನಕ್ಕೆ ತೋರುವ ಗೌರವ. ಉಳಿದದ್ದನ್ನು ಯಾರಿಗೆ, ಯಾವ ಹೊತ್ತಿಗೆ ಕೊಡಬೇಕೆಂಬುದನ್ನೂ ಮುಂಚಿತವಾಗಿ ಗೊತ್ತುಮಾಡಿರಬೇಕು; ರಾತ್ರಿ ಹನ್ನೊಂದಕ್ಕೆ ಆ ಯೋಚನೆ ಬಂದರೆ ಅನ್ನ ಹಳಸುತ್ತದೆ.

ವೇದಿಕೆಯ ಮೇಲೆ

ಹಳೆಯ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಧಾರೆಯ ಹಿಂದಿನ ಸಂಜೆಯೇ ಆರತಕ್ಷತೆ ನಡೆಯುತ್ತದೆ. ಮಧ್ಯರಾತ್ರಿಯವರೆಗೆ ನಿಂತ ವಧುವನ್ನು ಬೆಳಗಿನ ಜಾವ ನಾಲ್ಕಕ್ಕೆ ಮುಹೂರ್ತಕ್ಕಾಗಿ ಎಬ್ಬಿಸುತ್ತಾರೆ. ಧಾರೆಯ ಹೊತ್ತಿಗೆ ಆಕೆಯ ಕಣ್ಣಿನಲ್ಲಿ ಸಂತೋಷಕ್ಕಿಂತ ನಿದ್ದೆಯೇ ಹೆಚ್ಚು! ಇಂಥ ಕಡೆ ಆರತಕ್ಷತೆಯನ್ನು ಬೇಗ ಆರಂಭಿಸಿ ಬೇಗ ಮುಗಿಸುವುದು ಲೇಸು. ಪತ್ರಿಕೆಯಲ್ಲಿ ಏಳು ಗಂಟೆಯೆಂದು ಬರೆದು ಎಂಟೂವರೆಗೆ ವೇದಿಕೆಗೆ ಬರುವ ಜೋಡಿ, ಬಂದವರ ಒಂದೂವರೆ ಗಂಟೆಯನ್ನು ಕೇಳದೆಯೇ ತೆಗೆದುಕೊಂಡಂತೆ.

ಸಾಲಿನಲ್ಲಿ ಹಿರಿಯರಿಗೂ ಎಳೆಮಕ್ಕಳ ತಾಯಂದಿರಿಗೂ ಮೊದಲ ಅವಕಾಶವಿರಲಿ. ಕಚೇರಿಯ ಮೇಲಧಿಕಾರಿ ಬಂದರೆಂದು ಅವರನ್ನು ಪಕ್ಕದ ಮೆಟ್ಟಿಲಿನಿಂದ ಹತ್ತಿಸಿ, ಬಸ್ಸಿನಲ್ಲಿ ಬಂದ ಸೋದರತ್ತೆಯನ್ನು ಕೆಳಗೆ ಕಾಯಿಸುವುದು ಮನೆತನಕ್ಕೆ ಒಪ್ಪುವಂಥದಲ್ಲ. ಎರಡೂ ಕಡೆಯ ನೆಂಟರನ್ನು ಬಲ್ಲ ಒಬ್ಬೊಬ್ಬರು ವಧೂವರರ ಪಕ್ಕದಲ್ಲಿ ನಿಂತು, ‘ಇವರು ನಮ್ಮ ದೊಡ್ಡಪ್ಪನವರು’, ‘ಇವರು ಅವಳಿಗೆ ಪಾಠ ಹೇಳಿದ ಮೇಷ್ಟರು’ ಎಂದು ಪರಿಚಯಿಸುತ್ತಿರಬೇಕು. ವಾದ್ಯ ಮಾತನ್ನು ಮುಳುಗಿಸದಿರಲಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮಗಳು ವಿಧಿಸಿವೆ. ಅಪಾರ್ಟ್‌ಮೆಂಟಿನ ಹುಲ್ಲುಹಾಸಿನ ಮೇಲೆ ಸಮಾರಂಭ ನಡೆಸುವವರು ಇದನ್ನು ವಿಶೇಷವಾಗಿ ನೆನಪಿಡಬೇಕು.

ಪಂಕ್ತಿ ಮತ್ತು ಮುಯ್ಯಿ

ಉಣ್ಣುತ್ತಿರುವವರ ಕುರ್ಚಿಯ ಹಿಂದೆ ಮುಂದಿನ ಪಂಕ್ತಿಯವರು ನಿಂತು ಕಾಯುವ ದೃಶ್ಯ ಎಲ್ಲರಿಗೂ ಪರಿಚಿತ. ಹೋಳಿಗೆಗೆ ತುಪ್ಪ ಬೀಳುವ ಮುನ್ನವೇ ಬೆನ್ನ ಹಿಂದೆ ಕೆಮ್ಮು ಕೇಳಿಸಿದರೆ ಊಟ ರುಚಿಸೀತೆ? ಕಾಯುವವರಿಗೆ ಹೊರಗೆ ಬೇರೆ ಆಸನಗಳಿರಲಿ, ಕರೆದಾಗ ಒಳಬರಲಿ. ಮನೆಯವರೊಬ್ಬರು ಪಂಕ್ತಿಯುದ್ದಕ್ಕೂ ನಡೆದು ‘ಏನು ಬೇಕು?’ ಎಂದು ವಿಚಾರಿಸಿಕೊಳ್ಳುವ ಹಳೆಯ ಪದ್ಧತಿಯನ್ನು ಯಾವ ಗುತ್ತಿಗೆದಾರನೂ ತುಂಬಿಕೊಡಲಾರ. ಮೇಜಿನ ಮೇಲೆ ಹಾಸುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿತು. ಕಾಗದದ ಹಾಸಿನ ಮೇಲೆ ಬಾಳೆಯೆಲೆ ಹಾಕಿದರೆ ಸೊಗಸಿಗೂ ಕೊರತೆಯಿಲ್ಲ.

ಮದುವೆಯಲ್ಲಿ ಬಂದ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟು, ಕೊಟ್ಟವರ ಮನೆಯ ಶುಭಕಾರ್ಯದಲ್ಲಿ ಹಿಂದಿರುಗಿಸುವುದು ಹಳ್ಳಿಗಳ ವಾಡಿಕೆ. ಬರೆದಿಡುವ ಈ ಬುದ್ಧಿವಂತಿಕೆಗೆ ಕಾನೂನಿನ ಬೆಂಬಲವೂ ಇದೆ. 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಅಡಿಯಲ್ಲಿ 1985ರಲ್ಲಿ ಬಂದ ನಿಯಮಗಳ ಪ್ರಕಾರ ವಧೂವರರಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ಇಬ್ಬರೂ ಬರೆದಿಡಬೇಕು: ವಸ್ತು, ಅಂದಾಜು ಬೆಲೆ, ಕೊಟ್ಟವರ ಹೆಸರು, ಸಂಬಂಧ. ಯಾರು ಏನು ಕೊಟ್ಟರೆಂದು ತಿಳಿದಿದ್ದರೆ, ತಿಂಗಳೊಳಗೆ ಕೃತಜ್ಞತೆಯ ನಾಲ್ಕು ಸಾಲು ಬರೆಯುವುದಕ್ಕೂ ಅನುಕೂಲ.

ಅತಿಥಿಗಳಿಗೂ ಕರ್ತವ್ಯಗಳಿವೆ. ಬರುವೆವೆಂದವರು ಬರಬೇಕು, ಆಗದಿದ್ದರೆ ಮೊದಲೇ ತಿಳಿಸಬೇಕು. ವೇದಿಕೆಯ ಮೇಲೆ ಕೈಫೋನಿನಲ್ಲಿ ಮತ್ತೊಂದು ಚಿತ್ರ, ಮಗದೊಂದು ಚಿತ್ರ ಎಂದು ನಿಂತರೆ ಹಿಂದಿನವರ ಪಾಲಿನ ಸೆಕೆಂಡುಗಳು ಕರಗುತ್ತವೆ. ಎಲೆಯಲ್ಲಿ ಬೇಕಾದಷ್ಟನ್ನೇ ಬಡಿಸಿಕೊಳ್ಳಬೇಕು.

ದಾರಿ ತೋರಿದವರು

ಸರಳತೆಯೆಂದರೆ ಬಡತನ, ಲೋಕ ಏನೆಂದೀತು ಎಂಬ ಅಂಜಿಕೆ ಕೆಲವರಿಗೆ ಇದ್ದೀತು. ಕುವೆಂಪು ಅವರು ರೂಪಿಸಿದ ‘ಮಂತ್ರ ಮಾಂಗಲ್ಯ’ ಆ ಅಂಜಿಕೆಗೆ ಉತ್ತರ. ವರದಕ್ಷಿಣೆಯಿಲ್ಲದೆ, ಪುರೋಹಿತರಿಲ್ಲದೆ, ಆಡಂಬರವಿಲ್ಲದೆ ವಧೂವರರು ತಾವೇ ಪ್ರತಿಜ್ಞೆ ಕೈಗೊಳ್ಳುವ ಆ ಕ್ರಮದಲ್ಲಿ 1966ರಲ್ಲಿ ಅವರ ಪುತ್ರ ಪೂರ್ಣಚಂದ್ರ ತೇಜಸ್ವಿಯವರ ವಿವಾಹ ರಾಜೇಶ್ವರಿಯವರೊಡನೆ ನೆರವೇರಿತು. ನಾಡಿನ ದೊಡ್ಡ ಕವಿಯ ಮನೆಯ ಮದುವೆಗೆ ಸಾವಿರಾರು ಜನರನ್ನು ಸೇರಿಸುವುದು ಕಷ್ಟವಾಗಿರಲಿಲ್ಲ. ಅದು ಬೇಡವೆಂಬುದೇ ಅವರ ನಿರ್ಧಾರವಾಗಿತ್ತು. ಎಲ್ಲರೂ ಅದೇ ಕ್ರಮವನ್ನು ಅನುಸರಿಸಬೇಕೆಂದಿಲ್ಲ. ಶಾಸ್ತ್ರೋಕ್ತ ವಿವಾಹವೇ ಪ್ರಿಯವಾದವರು ಹಾಗೆಯೇ ಮಾಡಲಿ. ಆದರೆ ಬೇಡದ್ದನ್ನು ಬೇಡವೆನ್ನುವ ಧೈರ್ಯ ಎರಡು ಬಗೆಯ ಮದುವೆಗೂ ಒಪ್ಪುತ್ತದೆ. ಮದುವೆಯಾಗುವವರು ಒಟ್ಟಾಗಿ ಕೈಗೊಳ್ಳುವ ಮೊದಲ ದೊಡ್ಡ ತೀರ್ಮಾನವೂ ಬಹುಶಃ ಅದೇ.

ಕೊನೆಯ ಅತಿಥಿ ಹೊರಡುವಾಗ ಬಾಗಿಲ ಬಳಿ ಮನೆಯವರೊಬ್ಬರು ನಿಂತಿರಲಿ. ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆಯ ತಾಂಬೂಲವನ್ನು ಬಾಡಿಗೆಯ ಹುಡುಗರ ಕೈಗೆ ಬಿಡದೆ ತಾವೇ ಕೊಟ್ಟು, ‘ಊಟವಾಯಿತೆ? ಹುಷಾರಾಗಿ ಹೋಗಿಬನ್ನಿ’ ಎಂದರೆ, ಬಂದವರು ಅಕ್ಷತೆಯ ಜೊತೆಗೆ ಮನಸ್ಸಿನ ಹರಕೆಯನ್ನೂ ಅಲ್ಲಿಯೇ ಬಿಟ್ಟುಹೋಗುತ್ತಾರೆ.